ಇಪ್ಪತ್ತು ರೂಪಾಯಿ ‘ಇರ್ಲಿ’ ಪ್ರಕರಣ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಇದುವರೆಗೆ ಯಾರೂ ಟಿಪ್ಸ್ ಕೊಟ್ಟಿಲ್ಲ, ಯಾರೂ ತೆಗೆದುಕೊಂಡೂ ಇಲ್ಲ ಎಂಬುದು ನಿರ್ವಿವಾದ ಸಂಗತಿ. ಕೊಡುವವರು "ಇರ್ಲಿ" ಅನ್ನುತ್ತಾರೆ. ತೆಗೆದುಕೊಳ್ಳುವವರೂ "ಇರ್ಲಿ" ಅನ್ನುತ್ತಾರೆ. ದುಡ್ಡು ಇರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇರುವುದಿಲ್ಲ. ಇದರಿಂದ ಯಾರ ಮಾನಕ್ಕೂ ಕುಂದು ಬಂದಿಲ್ಲ.

ಕೂತು ತಿನ್ನುವವರ ವಿಷಯದಲ್ಲಿ ಈ ಪದ್ಧತಿ ಸುಸೂತ್ರವಾಗಿ ನಡೆದು ಬಂದಿದೆ. ಬಿಲ್ಲಿನ ತಟ್ಟೆ ಇದೆ, ತಟ್ಟೆಯಲ್ಲಿ ಸೋಂಪು ಇದೆ, ಸೋಂಪಿನ ಕೆಳಗೆ ನೋಟು ತಾನಾಗಿಯೇ ಮರೆಯಾಗುತ್ತದೆ. ತೊಂದರೆ ಬಂದದ್ದು ಪಾರ್ಸಲ್ಲಿನಿಂದ. ಪಾರ್ಸಲ್ಲಿಗೆ ತಟ್ಟೆಯಿಲ್ಲ, ಸೋಂಪಿಲ್ಲ. ಅದರಲ್ಲೂ ಕಾರಿನಲ್ಲೇ ಕೂತು ಕಿಟಕಿಯಿಂದ ಕೈ ಚಾಚುವ ಗ್ರಾಹಕರು ಎಷ್ಟು ಸಲ "ಇರ್ಲಿ" ಅನ್ನಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಬಗ್ಗೆ ಯಾವ ಸರ್ಕಾರವೂ ಮಾರ್ಗಸೂಚಿ ಹೊರಡಿಸಿರಲಿಲ್ಲ. ಆ ಕೊರತೆಯನ್ನು ತುಂಬಿದ ಸಮಿತಿಗೆ ನಾನೇ ಗೌರವ ಕಾರ್ಯದರ್ಶಿ. ಹೆಸರು ರಘು. ಹೋಟೆಲ್ಲಿನ ಪಕ್ಕದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಸಮಿತಿಯ ಪ್ರತಿ ಕಾಗದಕ್ಕೂ ಆರು ಪ್ರತಿ ತೆಗೆಯಬೇಕೆಂಬ ನಿಯಮಕ್ಕೂ ನನ್ನ ಅಂಗಡಿಗೂ ಸಂಬಂಧ ಕಲ್ಪಿಸುವವರ ಬಗ್ಗೆ ನನಗೆ ಕನಿಕರವಿದೆ.

ಹೋಟೆಲ್ಲು ಇರುವುದು ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ. ಮಾಲೀಕರು ವ್ಯಾಸರಾಜರು. ಬಾಗಿಲಿನ ಮೇಲೆ ದೊಡ್ಡ ಬೋರ್ಡು: "ಕಾರಿನಿಂದ ಇಳಿಯಬೇಡಿ. ಹಾರ್ನ್ ಮಾಡಿ. ನಾವೇ ಓಡಿ ಬರುತ್ತೇವೆ." ಇಲ್ಲಿ "ನಾವೇ" ಅಂದರೆ ಕೋಮಲ. ಹಾರ್ನ್ ಕೇಳಿದರೆ ಅವಳು ಪಾರ್ಸಲ್ ಹಿಡಿದು ರಸ್ತೆಗೆ ಓಡಬೇಕು. ದೋಸೆ ಆರುವುದರೊಳಗೆ ಕಾರಿನ ಕಿಟಕಿ ತಲುಪಬೇಕು. ವ್ಯಾಸರಾಜರು ಕ್ಯಾಷ್ ಕೌಂಟರಿನಲ್ಲಿ ಕೂತೇ "ಬೇಗ, ಬೇಗ" ಎಂದು ಅವಳ ಜೊತೆ ಓಡುತ್ತಾರೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹೀಗೆ ಓಡುವಾಗ ಕೋಮಲಳ ಬಲಗಾಲಿನ ಚಪ್ಪಲಿಯ ಬಾರು ಕಿತ್ತುಹೋಯಿತು. ರಸ್ತೆಯ ಟಾರು ಕಾದು ಮೆತ್ತಗಾಗಿತ್ತು. ಅವಳು ಕಿತ್ತ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಒಂದು ಕಾಲಿನಲ್ಲಿ ಓಡಿ, ಇನ್ನೊಂದು ಕಾಲಿನಲ್ಲಿ ಹಾರಿ, ಕಾರಿನ ಹತ್ತಿರ ಬಂದಳು. ಕಾರಿನಲ್ಲಿ ಇದ್ದವರು ಹಂಸಾ ಮೇಡಂ, ತಿ. ನರಸೀಪುರದಲ್ಲಿ ಹೈಸ್ಕೂಲು ಕನ್ನಡ ಶಿಕ್ಷಕಿ. ಬಿಲ್ಲನ್ನು ಫೋನಿನಲ್ಲಿ ಕಟ್ಟಿ, ಕೋಮಲಳ ಕಾಲು ನೋಡಿ, ಇಪ್ಪತ್ತು ರೂಪಾಯಿಯ ನೋಟು ಚಾಚಿದರು.

"ತಗೋಮ್ಮ, ಇರ್ಲಿ."

"ಅಯ್ಯೋ, ಇರ್ಲಿ ಮೇಡಂ," ಅಂದಳು ಕೋಮಲ.

ಇದು ಕ್ರಮಬದ್ಧವಾಗಿಯೇ ಇತ್ತು. ಮೊದಲನೆಯ ಸಲ ಬೇಡ ಅನ್ನದೆ ತೆಗೆದುಕೊಳ್ಳುವುದನ್ನು ನಮ್ಮ ಕಡೆ ಯಾರೂ ಮರ್ಯಾದೆ ಅನ್ನುವುದಿಲ್ಲ. ಹಂಸಾ ಮೇಡಂ ಇನ್ನೊಂದು ಸಲ "ಇರ್ಲಿ" ಅನ್ನಬೇಕಿತ್ತು. ಕೋಮಲ ಬೇರೆಲ್ಲೋ ನೋಡುತ್ತ ನೋಟು ತೆಗೆದುಕೊಳ್ಳಬೇಕಿತ್ತು. ಅಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯಿತು. ಮೇಡಂ ಗಾಬರಿಯಾಗಿ, ಕಿಟಕಿಗೆ ಎಟಕುವಂತಿದ್ದ ರಸ್ತೆಬದಿಯ ಕಲ್ಲಿನ ಮೇಲೆ ನೋಟು ಇಟ್ಟು, ಅದು ಹಾರದಿರಲೆಂದು ಪಾರ್ಸಲ್ಲಿನಿಂದ ಒಂದು ಚಟ್ನಿ ಪೊಟ್ಟಣ ತೆಗೆದು ಮೇಲೆ ಹೇರಿ, ಹೊರಟುಹೋದರು.

ಕೋಮಲ ಬಗ್ಗಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಬಾರು ಹೊಲಿಯಲು ಸರಿಯಾಗಿ ಇಪ್ಪತ್ತು ರೂಪಾಯಿ ಕೇಳುತ್ತಾರೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಮುಟ್ಟಬೇಡ!" ಎಂದು ಒಳಗಿನಿಂದ ಕೂಗಿದರು ವ್ಯಾಸರಾಜರು. "ನೀನು ‘ಇರ್ಲಿ’ ಅಂದಿದ್ದು ನನ್ನ ಕಿವಿಯಾರೆ ಕೇಳಿದೀನಿ. ಬೇಡ ಅಂದ್ಮೇಲೆ ಅದು ನಿನ್ನದು ಹೇಗಾಗುತ್ತೆ? ಮೇಲಾಗಿ ಚಟ್ನಿ ನಮ್ಮ ಹೋಟೆಲ್ಲಿಂದು. ಚಟ್ನಿ ಕೆಳಗಿರೋದೂ ನಮ್ಮದೇ."

"ಚಟ್ನಿ ಮೇಡಂದು ಸಾ. ಅವ್ರು ಕಾಸು ಕೊಟ್ಟವ್ರೆ."

"ಚಟ್ನಿಗೆ ನಾವು ಯಾವತ್ತಾದರೂ ಕಾಸು ತಗೊಂಡಿದೀವಾ? ಅದು ಫ್ರೀ. ಫ್ರೀ ಕೊಟ್ಟಿದ್ದು ಕೊಟ್ಟೋರದೇ."

ಈ ವಾದದ ಆಳ ಕೋಮಲಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಆದರೆ ಗೌರವ ಹುಟ್ಟಿತು.

ಅದೃಷ್ಟವಶಾತ್ ಒಳಗೆ ಗೋವಿಂದಯ್ಯನವರು ಕಾಫಿ ಕುಡಿಯುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಮೇಲೆ ಅವರ ಮುಂದೆ ಒಂದೂ ತಕರಾರು ಬಂದಿರಲಿಲ್ಲ, ಮುಖ ಬಾಡಿಹೋಗಿತ್ತು. ವಿಷಯ ಕೇಳಿದ್ದೇ ತಡ, ಲೋಟ ಕೆಳಗಿಟ್ಟು ಎದ್ದರು. ಆ ಕಲ್ಲಿನ ಸುತ್ತ ಒಂದು ಸುತ್ತು ಬಂದರು. ಕಲ್ಲು ಹೋಟೆಲ್ಲಿನದೋ, ರಸ್ತೆಯದೋ, ಖರಾಬು ಜಾಗದ್ದೋ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅವರ ಕಣ್ಣಿನಲ್ಲಿ ನೀರು ಬಂತು.

"ಸಾ, ಚಪ್ಪಲಿ ಒಲಸ್ಬೇಕು. ಕಾಲು ಸುಡ್ತದೆ," ಅಂದಳು ಕೋಮಲ.

"ಹಕ್ಕು ಕೇಳೋವಾಗ ಕಾರಣ ಹೇಳಬಾರದು ಕಣಮ್ಮ, ಕೇಸು ವೀಕಾಗ್ತದೆ," ಎಂದು ಅವರು ಮೆಲ್ಲಗೆ ತಿಳಿಹೇಳಿದರು. "ಆದೇಶ ಆಗೋವರೆಗೂ ನೋಟು ಇದ್ದಲ್ಲೇ ಇರ್ಲಿ."

ಮಹಜರು ನಡೆಯಿತು. ಆರು ಪ್ರತಿ ತೆಗೆದೆ. ನೋಟು ಕೊಟ್ಟವರು ಒಂದು ತಾಲ್ಲೂಕು, ನೋಟು ಇದ್ದದ್ದು ಇನ್ನೊಂದು ತಾಲ್ಲೂಕು. ಹಾಗಾಗಿ "ಉಭಯ ತಾಲ್ಲೂಕು ಪಾರ್ಸಲ್ ಶಿಷ್ಟಾಚಾರ ಸಮಿತಿ" ಎಂಬ ಹೆಸರಿನಲ್ಲೇ ಸಮಿತಿ ರಚನೆಯಾಯಿತು. ಗೋವಿಂದಯ್ಯನವರು ಅಧ್ಯಕ್ಷರು. ವ್ಯಾಸರಾಜರು ಪ್ರಕರಣದ ಕಕ್ಷಿದಾರರಾದ್ದರಿಂದ ಅವರಿಗೆ ಖಜಾಂಚಿ ಸ್ಥಾನ ಮಾತ್ರ ಸಿಕ್ಕಿತು. ಹೋಟೆಲ್ಲಿನೊಳಗೆ ಸಭೆ ಸೇರಿದರೆ ಪಕ್ಷಪಾತವಾದೀತೆಂದು ರಸ್ತೆಯಾಚೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದೆವು. ತಿಂಡಿ ಹೋಟೆಲ್ಲಿನಿಂದಲೇ ಬರಬೇಕಿತ್ತು. ಕೋಮಲ ತಂದಳು. ಟಾರು ದಾಟುವಾಗ ಅವಳು ಹಾರುತ್ತಿದ್ದುದರಿಂದ ಸಾಂಬಾರು ಚೆಲ್ಲುತ್ತಿತ್ತು. ಅದನ್ನು ಸಮಿತಿ ಎರಡು ಸಲ ಆಕ್ಷೇಪಿಸಿತು. ಅವಳಿಗೆ ಟಿಪ್ಸ್ ಕೊಡುವ ಆಸೆ ನಮಗೆಲ್ಲ ಇತ್ತು, ಆದರೆ ವಿಚಾರಣೆಯಲ್ಲಿರುವವರಿಗೆ ಹಣ ಕೊಡುವುದು ಅಪರಾಧವಾದ್ದರಿಂದ ಆಸೆಯನ್ನು ಅದುಮಿಕೊಂಡೆವು.

ಚಟ್ನಿ ಹಳಸುವ ಪದಾರ್ಥ. ಆದಕಾರಣ ದಿನಾ ಬೆಳಿಗ್ಗೆ ನೋಟಿನ ಮೇಲೆ ಹೊಸ ಪೊಟ್ಟಣ ಇಡಬೇಕೆಂದು ಆದೇಶವಾಯಿತು. ಇಡುವ ಕೆಲಸ ಕೋಮಲಳದು. ಕೈಯಿಂದ ಮುಟ್ಟಿದರೆ ಸ್ವಾಧೀನವಾಗಿಬಿಡುತ್ತದೆಂದು ಅಡುಗೆಮನೆಯ ಇಕ್ಕಳ ಕೊಡಲಾಯಿತು. ಸ್ವಲ್ಪ ದಿನದಲ್ಲಿ ಯಾರೋ ಆ ಕಲ್ಲಿಗೆ ಕುಂಕುಮ ಹಚ್ಚಿ ಹೋಗಿದ್ದರು. ಸೋಮನಾಥಪುರ ನೋಡಲು ಹೊರಟಿದ್ದ ಒಂದು ಕುಟುಂಬ ಕಾರು ನಿಲ್ಲಿಸಿ, ಇದು ಯಾವ ಕಾಲದ್ದೆಂದು ವಿಚಾರಿಸಿತು.

ಹಂಸಾ ಮೇಡಂ ಹೇಳಿಕೆ ಪಡೆಯಲು ಗೋವಿಂದಯ್ಯನವರೂ ನಾನೂ ತಿ. ನರಸೀಪುರಕ್ಕೆ ಹೋದೆವು. ಮೇಡಂ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು.

"‘ಇರ್ಲಿ’ ಅಂತ ನೀವು ಅಂದದ್ದು ಹೌದಾ?"

"ಹೌದು."

"ಹಾಗಂದ್ರೆ ಏನರ್ಥ?"

"ಇರ್ಲಿ ಅಂದ್ರೆ ಇರ್ಲಿ ಅಂತ. ವಿಧ್ಯರ್ಥಕ ಕ್ರಿಯಾಪದ."

"ಯಾರ ಹತ್ರ ಇರ್ಲಿ? ನಿಮ್ಮ ವಾಕ್ಯದಲ್ಲಿ ವಿಭಕ್ತಿಯೇ ಇಲ್ವಲ್ಲ ಮೇಡಂ," ಎಂದು ಗೋವಿಂದಯ್ಯನವರು ಕೇಳಿದರು. ಶಿಕ್ಷಕಿ ಕೆಂಪು ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷ ಇತರರ ವಾಕ್ಯ ತಿದ್ದಿದವರಿಗೆ ತಮ್ಮದೇ ವಾಕ್ಯದಲ್ಲಿ ತಪ್ಪು ಕಂಡಿತ್ತು.

"ಅಧ್ಯಾಹಾರ ಮಾಡ್ಕೋಬೇಕು ಕಣ್ರೀ, ಬಿಟ್ಟ ಪದಾನ ನೀವೇ ತುಂಬ್ಕೋಬೇಕು! ಆ ಹುಡುಗಿಗೆ ಅಂತಲೇ. ಪಾಪ, ಒಂದೇ ಚಪ್ಪಲೀಲಿ ಓಡಿ ಬಂದ್ಲು. ಕೊಟ್ಟುಬಿಡಿ."

"‘ಪಾಪ’ ಅನ್ನೋದನ್ನ ದಾಖಲೆ ಮಾಡೋಕಾಗಲ್ಲ ಮೇಡಂ."

"ಹಾಗಾದ್ರೆ ಇನ್ನೊಂದು ಇಪ್ಪತ್ತು ಕೊಡ್ತೀನಿ, ನೀವೇ ತಗೊಂಡ್ಹೋಗಿ ಅವಳ ಕೈಗೆ ಕೊಡಿ."

ಗೋವಿಂದಯ್ಯನವರು ಬೆಂಕಿ ಕಂಡವರ ಹಾಗೆ ಹಿಂದೆ ಸರಿದರು. ಮೊದಲ ತಕರಾರು ಮುಗಿಯದೆ ಎರಡನೆಯದು ಹುಟ್ಟಿದರೆ ಎರಡನ್ನೂ ಒಟ್ಟಿಗೆ ಸೇರಿಸಬೇಕಾಗುತ್ತದೆ, ಅದಕ್ಕೆ ಮೈಸೂರಿನ ಮಟ್ಟದಲ್ಲಿ ಸಮಿತಿ ಬೇಕು ಎಂದು ವಿವರಿಸಿದರು. ಮೇಡಂ ಒಳಗೆ ಹೋಗಿ ಕಾಫಿ ತಂದರು. ಕಾಫಿ ಚೆನ್ನಾಗಿತ್ತು. ಅವರ ಹೇಳಿಕೆಯನ್ನು ವ್ಯಾಕರಣದೋಷದ ಕಾರಣಕ್ಕೆ ತಳ್ಳಿಹಾಕಲಾಯಿತು.

ಮುಂದಿನ ವಾರ ಹೋಟೆಲ್ಲಿನ ಮುಂದೆ ಪ್ರಕಟಣೆ ಅಂಟಿಸಿದೆವು.

"ಪಾರ್ಸಲ್ ಗ್ರಾಹಕರು ಹಾಗೂ ಸಿಬ್ಬಂದಿಯ ಗಮನಕ್ಕೆ. ಒಂದು ‘ಇರ್ಲಿ’ಯನ್ನು ಕೇವಲ ಉದ್ದೇಶವೆಂದು ಪರಿಗಣಿಸಲಾಗುವುದು. ಟಿಪ್ಸ್ ಸಿಂಧುವಾಗಬೇಕಾದರೆ ಗ್ರಾಹಕರು ಮೂರು, ಸಿಬ್ಬಂದಿ ಎರಡು ‘ಇರ್ಲಿ’ಗಳನ್ನು ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು. ನಡುವೆ ಹಾರ್ನ್ ಆದಲ್ಲಿ ಮೊದಲಿನಿಂದ ಪ್ರಾರಂಭಿಸತಕ್ಕದ್ದು. ಯಾವುದೇ ವ್ಯಕ್ತಿ ‘ಇರ್ಲಿ ಬಿಡಿ’ ಎಂದಲ್ಲಿ, ಸದರಿ ವ್ಯಕ್ತಿ ಸದರಿ ವಸ್ತುವಿನ ಮೇಲಿನ ಸಕಲ ಹಕ್ಕುಗಳನ್ನೂ ಎದುರಿನವರಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಂತೆ ಭಾವಿಸಲಾಗುವುದು. ಯಾವುದೇ ಒಂದು ಕಾಲಿಗೆ ಚಪ್ಪಲಿ ಇಲ್ಲದ ಸಿಬ್ಬಂದಿ ಟಿಪ್ಸ್ ಸ್ವೀಕರಿಸುವಂತಿಲ್ಲ. ಇದು ಸಂಸ್ಥೆಯ ಗೌರವದ ಪ್ರಶ್ನೆ."

ಕೊನೆಯ ನಿಯಮ ವ್ಯಾಸರಾಜರ ಸಲಹೆ. ಸಿಬ್ಬಂದಿಯ ಘನತೆಯ ಬಗ್ಗೆ ಅವರಿಗೆ ಇಷ್ಟು ಕಾಳಜಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ನಿಯಮಗಳು ಜಾರಿಗೆ ಬಂದ ಕೂಡಲೇ ಶಿಸ್ತು ಕಾಣಿಸಿತು. ಒಂದೊಂದು ಕಾರಿನಲ್ಲೂ ಐದೈದು "ಇರ್ಲಿ" ಆಗಬೇಕಾದ್ದರಿಂದ ಸಾಲು ಬೆಳೆಯಿತು. ಸಾಲು ಬೆಳೆದಂತೆ ಹಿಂದಿನವರು ಹಾರ್ನ್ ಹೊಡೆದರು, ಹಾರ್ನ್ ಆದಂತೆ ಮುಂದಿನವರು ಮೊದಲಿನಿಂದ ಪ್ರಾರಂಭಿಸಿದರು. ದೋಸೆಗಳು ತಣ್ಣಗಾದವು. ಸಂಚಾರಕ್ಕೆ ದಾರಿ ಮಾಡಲು ಬಂದ ಪೊಲೀಸ್ ಪೇದೆಯೂ ಒಂದು ಕಾಫಿ ಕೊಂಡು, ತಪ್ಪಿಲ್ಲದೆ ಮೂರು ಸಲ "ಇರ್ಲಿ" ಅಂದು, ಏನೂ ಕೊಡದೆ ಹೋದರು. ಕೋಮಲ ಸಾಲಿನುದ್ದಕ್ಕೂ ಹಾರಿದಳು. ಜನ ಮೂರು ಸಲ "ಇರ್ಲಿ" ಅಂದು ಕೊನೆಗೆ ಕೆಳಗೆ ನೋಡುತ್ತಿದ್ದರು. ಅವಳ ಬಲಗಾಲು ನೋಡಿ, ನಿಯಮ ನೆನೆದು, ದುಡ್ಡು ಒಳಗಿಡುತ್ತಿದ್ದರು. ಜನರಲ್ಲಿ ಇಷ್ಟು ಕಾನೂನು ಪ್ರಜ್ಞೆ ಇರುವುದು ನೋಡಿ ಎದೆ ತುಂಬಿ ಬಂತು.

ಅಂತಿಮ ವಿಚಾರಣೆ ಹೊಂಗೆ ಮರದ ಕೆಳಗೆ ನಡೆಯಿತು. ನೆರಳಿನಲ್ಲಿ ಕುರ್ಚಿಗಳಿದ್ದದ್ದರಿಂದ ಕೋಮಲ ಬಿಸಿಲಿನಲ್ಲಿ ನಿಂತಿದ್ದಳು, ಬಲಗಾಲನ್ನು ಎಡಗಾಲಿನ ಚಪ್ಪಲಿಯ ಮೇಲೆ ಇಟ್ಟುಕೊಂಡು.

"ನಿನ್ನ ಅಹವಾಲು ಏನಮ್ಮ?"

"ಆ ಇಪ್ಪತ್ತು ರೂಪಾಯಿ ಕೊಟ್ಬುಡಿ ಸಾ. ಚಪ್ಪಲಿ ಒಲಸ್ಕತೀನಿ. ಅಷ್ಟೇಯ."

ಅಧ್ಯಕ್ಷರು ಪ್ರಕಟಣೆಯ ಆರೂ ಪ್ರತಿಗಳನ್ನು ನೋಡಿದರು. "ಕೊಡೋಕೆ ನಮ್ಮದೇನೂ ಅಭ್ಯಂತರ ಇಲ್ಲ. ಆದರೆ ಎರಡೂ ಕಾಲಿಗೆ ಚಪ್ಪಲಿ ಇರಬೇಕಲ್ಲಮ್ಮ. ಹೊಲಿಸ್ಕೊಂಡು ಬಾ, ಈಗಲೇ ಕೊಡ್ತೀವಿ."

"ಕಾಸಿಲ್ದೆ ಎಂಗೆ ಒಲಸ್ಲಿ ಸಾ?"

"ಅದು ಸಮಿತಿಯ ವ್ಯಾಪ್ತಿಗೆ ಬರೋದಿಲ್ಲ."

ಕೋಮಲ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಕಲ್ಲಿನ ಮೇಲಿದ್ದ ನೋಟು ನೋಡಿದಳು. ರಸ್ತೆಯಲ್ಲಿ ಯಾವುದೋ ಕಾರು ಹಾರ್ನ್ ಮಾಡುತ್ತಿತ್ತು.

"ಓಗ್ಲಿ, ಇರ್ಲಿ ಬಿಡಿ ಸಾ," ಅಂದಳು.

ಗೋವಿಂದಯ್ಯನವರು ಪ್ರಕಟಣೆ ಎತ್ತಿ ಮತ್ತೊಮ್ಮೆ ಓದಿದರು. ಸಂಶಯವೇ ಇರಲಿಲ್ಲ. "ಇರ್ಲಿ ಬಿಡಿ"; ಸಕಲ ಹಕ್ಕುಗಳು; ಎದುರಿನವರಿಗೆ; ಸ್ವಸಂತೋಷದಿಂದ. ಎದುರಿಗೆ ಇದ್ದದ್ದು ಸಮಿತಿ. ಎರಡೂ ತಾಲ್ಲೂಕುಗಳ ಚರಿತ್ರೆಯಲ್ಲೇ ಮೊಟ್ಟಮೊದಲ ಕಾನೂನುಬದ್ಧ ಟಿಪ್ಸ್ ಇದು, ಕೊಟ್ಟವರು ಕೋಮಲ, ಪಡೆದವರು ನಾವು. ಅಧ್ಯಕ್ಷರು ಮರ್ಯಾದೆಗೆ "ಅಯ್ಯೋ, ಇರ್ಲಿ ಇರ್ಲಿ" ಅಂದರು. ವ್ಯಾಸರಾಜರು ತಮ್ಮ ಚಟ್ನಿಯ ವಾದವನ್ನು ದೊಡ್ಡ ಮನಸ್ಸಿನಿಂದ ಹಿಂತೆಗೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ನೋಟಿಗೆ ಚೌಕಟ್ಟು ಹಾಕಿಸಿ ಕ್ಯಾಷ್ ಕೌಂಟರಿನ ಮೇಲೆ ತೂಗುಹಾಕಿದೆವು. ಚೌಕಟ್ಟಿಗೆ ಆರುನೂರು ರೂಪಾಯಿಯಾಯಿತು. ಉದಾರ ದಾನಿಗೆ ಸನ್ಮಾನ ಮಾಡದಿದ್ದರೆ ಸರಿಯಲ್ಲವೆಂದು ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸಿದೆವು. ಸಮಾರಂಭ ಮುಗಿದ ಮೇಲೆ ಬುಟ್ಟಿ ಬಾಡಿಗೆಯದೆಂದು ತಿಳಿದು ವಾಪಸು ತೆಗೆದುಕೊಂಡೆವು. ವೇದಿಕೆ ಏರುವವರು ಚಪ್ಪಲಿ ಕೆಳಗೆ ಬಿಡಬೇಕಾದ್ದರಿಂದ ಅವತ್ತು ಮೇಲೆ ಕೂತವರೆಲ್ಲರೂ ಬರಿಗಾಲಿನಲ್ಲಿದ್ದೆವು. ಗೋವಿಂದಯ್ಯನವರು ತಮ್ಮ ಭಾಷಣದಲ್ಲಿ ಇದನ್ನೇ ಸಮಾನತೆ ಎಂದು ಕರೆದರು. ಇಳಿಯುವಾಗ ಎಲ್ಲರೂ ಚಪ್ಪಲಿ ಮೆಟ್ಟಿಕೊಂಡರು. ಕೋಮಲ ತನ್ನ ಒಂದನ್ನು ಮೆಟ್ಟಿಕೊಂಡಳು.

ಮೊನ್ನೆ ಹಂಸಾ ಮೇಡಂ ಕಾರು ಮತ್ತೆ ಬಂದು ನಿಂತಿತ್ತು. ಕೋಮಲ ಹಾರುತ್ತ ಪಾರ್ಸಲ್ ತಂದಳು. ನಾನು ಅಂಗಡಿಯ ಮುಂದೆಯೇ ನಿಂತಿದ್ದೆ.

"ಇನ್ನೂ ಹಿಂಗೇ ಇದೀಯಲ್ಲಮ್ಮ! ಚಪ್ಪಲಿ ಏನಾಯ್ತು?" ಅಂದರು ಮೇಡಂ.

ಕೋಮಲ ಅವರಿಗೇ ಉತ್ತರ ಕೊಡುತ್ತಿದ್ದರೂ ನೋಡಿದ್ದು ನನ್ನನ್ನು. "ಚಪ್ಪಲಿ ತಾನೆ, ಇರ್ಲಿ ಬಿಡಿ."

ಅವಳ ನೋಟದ ಎದುರಿಗಿದ್ದವನು ನಾನು; ನಿಯಮ ನನಗೂ ಒಂದೇ, ಅವಳಿಗೂ ಒಂದೇ. ಉಳಿದಿದ್ದ ಎಡಗಾಲಿನ ಚಪ್ಪಲಿಯನ್ನು ಸಮಿತಿಯ ಪರವಾಗಿ ಸ್ವೀಕರಿಸಿ, ಸ್ವೀಕೃತಿ ಕೊಟ್ಟೆ. ಆರು ಪ್ರತಿ. ಅವಳು ಬಿಚ್ಚಿಕೊಟ್ಟಳು. ತನ್ನ ಪ್ರತಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಡಂ ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದರು, ದೋಸೆ ಆರುತ್ತಿತ್ತು, ಅವರು ಹೊರಟರು.

ಈಗ ಎಲ್ಲವೂ ಸುಗಮವಾಗಿ ನಡೆಯುತ್ತಿದೆ. ಎರಡೂ ಕಾಲು ಒಂದೇ ರೀತಿ ಸುಡುವುದರಿಂದ ಕೋಮಲ ಹಾರುವುದನ್ನು ಬಿಟ್ಟು ನೇರವಾಗಿ ಓಡುತ್ತಾಳೆ, ಮೊದಲಿಗಿಂತ ಎಷ್ಟೋ ಬೇಗ. ಸಾಂಬಾರು ಚೆಲ್ಲುತ್ತಿಲ್ಲ. ದೋಸೆ ಕಾರಿಗೆ ಬಿಸಿಬಿಸಿಯಾಗಿಯೇ ತಲುಪುತ್ತಿದೆ ಎಂದು ಗ್ರಾಹಕರೆಲ್ಲ ಸಂತೋಷ ವ್ಯಕ್ತಪಡಿಸಿದ್ದಾರೆ.