ತರಗತಿಯಲ್ಲಿ ಚಂದ್ರನನ್ನು ನಡುವೆ ನಿಲ್ಲಿಸಲು ಅನುಮತಿ ಕೋರಿ

ಇಂದ:
ಉಮಾಮಹೇಶ್ವರಿ, ವಿಜ್ಞಾನ ಶಿಕ್ಷಕಿ,
ಕೆರೆಯಂಗಳ ಅನುದಾನಿತ ಪ್ರೌಢಶಾಲೆ, ಕಡಬ, ಗುಬ್ಬಿ ತಾಲ್ಲೂಕು

ಗೆ:
ಮಾನ್ಯ ಮುಖ್ಯಸ್ಥರು,
ಸ್ಮಾರ್ಟ್ ಬೋರ್ಡ್ ಬಳಕೆ ಪರಿಶೀಲನಾ ಘಟಕ, ತುಮಕೂರು

ವಿಷಯ: ವಿಡಿಯೊ ನಿಂತಿರುವ ವೇಳೆಯನ್ನೂ ಪಾಠದ ವೇಳೆಯೆಂದು ಪರಿಗಣಿಸುವ ಬಗ್ಗೆ.

ಉಲ್ಲೇಖ: “ಬೋರ್ಡ್ ಬಳಕೆ ತೀರಾ ಕಡಿಮೆ, ಅದನ್ನು ಬೇರೆ ಶಾಲೆಗೆ ಏಕೆ ವರ್ಗಾಯಿಸಬಾರದು?” ಎಂಬ ತಮ್ಮ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಡೆದದ್ದನ್ನು ನಡೆದಂತೆ ನಿವೇದಿಸಿಕೊಳ್ಳುತ್ತೇನೆ.

೧. ಸದರಿ ಬೋರ್ಡು ಬಂದ ಹೊಸತರಲ್ಲಿ, ತಮ್ಮ ಸುತ್ತೋಲೆಯಂತೆ, ಚಂದ್ರ ಹಿಗ್ಗಿ ಕುಗ್ಗುವ ಪಾಠದ ವಿಡಿಯೊವನ್ನು ಎಲ್ಲಿಯೂ ತಡೆಯದೆ ಪೂರ್ತಿ ತೋರಿಸಲಾಯಿತು. ಮಕ್ಕಳು ಸಿನಿಮಾಕ್ಕೆ ಕುಳಿತಂತೆ ಕುಳಿತಿದ್ದರು. ಏನು ತಿಳಿಯಿತೆಂದು ಕೇಳಿದ್ದಕ್ಕೆ ಮುಂದಿನ ಬೆಂಚಿನಿಂದ ಬಂದ ಉತ್ತರ: “ಮ್ಯೂಸಿಕ್ ಚೆನ್ನಾಗಿತ್ತು ಮಿಸ್.” ಅಂದಿನ ಬಳಕೆಯನ್ನು ತಾವು ‘ಅತ್ಯುತ್ತಮ’ ಎಂದು ದಾಖಲಿಸಿರುತ್ತೀರಿ.

೨. ಅದೇ ವಾರ ಎಂಟನೇ ತರಗತಿಯ ಸುಶ್ಮಿತಾಳ ತಾಯಿ ಹನುಮಮ್ಮನವರು ಟಿ.ಸಿ. ಕೇಳಿಕೊಂಡು ಬಂದರು. “ಇವ್ಳಿಗೆ ಓದು ಹತ್ತಾಕಿಲ್ಲ ಮೇಡಮ್ಮಾರೇ. ಹೊಲ್ಗೆನಾದ್ರೂ ಕಲ್ತ್ಕಳ್ಳಿ ಬುಡಿ,” ಎಂದರು. ಸುಶ್ಮಿತಾ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಆಕೆ ನನ್ನ ತರಗತಿಯಲ್ಲಿ ಒಂದು ಸಲವೂ ಬಾಯಿ ಬಿಟ್ಟವಳಲ್ಲ. ಆದಕಾರಣ, ಓದು ಹತ್ತುತ್ತದೆಂದು ವಾದಿಸಲು ನನ್ನಲ್ಲಿ ಆಧಾರವಿರಲಿಲ್ಲ. “ದಸರಾ ರಜೆವರೆಗೂ ಇರ್ಲಿ ಹನುಮಮ್ಮ, ಆಮೇಲೆ ನೋಡೋಣ,” ಎಂದಷ್ಟೇ ಹೇಳಿ ಕಳುಹಿಸಿದೆ.

೩. ಗಣಿತ ಶಿಕ್ಷಕರಾದ ಪುಟ್ಟರಂಗಯ್ಯನವರ ಬಳಿ ಇದನ್ನು ಹೇಳಿಕೊಂಡೆ. “ನೀವು ಓಡಿಸ್ತಾ ಹೋದ್ರೆ ಅವು ನೋಡ್ತಾ ಹೋಗ್ತವೆ ಕಣಮ್ಮ. ನಡುವೆ ನಿಲ್ಸಿ, ಯಾಕೆ ಹಿಂಗೆ ಅಂತ ಕೇಳಿ. ತಪ್ಪಾದ್ರೂ ಹೇಳ್ಲಿ,” ಎಂದರು. ಆದ್ದರಿಂದ ಮರುದಿನ ಅರ್ಧ ಚಂದ್ರ ಬಂದೊಡನೆ ವಿಡಿಯೊ ನಿಲ್ಲಿಸಿ, ಉಳಿದರ್ಧ ಎಲ್ಲಿ ಹೋಯಿತು, ಪಕ್ಕದವರೊಡನೆ ಮಾತಾಡಿ ಹೇಳಿ ಎಂದೆ. ಗದ್ದಲವೆದ್ದಿತು. ಆ ಗದ್ದಲದ ಮರೆಯಲ್ಲಿ ಸುಶ್ಮಿತಾ ಬಾಯಿ ಬಿಟ್ಟಳು: “ಭೂಮಿ ನೆಳ್ಳು ಬೀಳ್ತೈತೆ ಮಿಸ್, ಅದ್ಕೇ ಕಾಣಲ್ಲ.”

ಉತ್ತರ ತಪ್ಪು. ಅರ್ಧ ತರಗತಿ ಅದನ್ನೇ ಒಪ್ಪಿತು. ನಾನು ತಪ್ಪೆನ್ನಲಿಲ್ಲ. “ನಾಳೆ ಬೆಳಿಗ್ಗೆ ಚಂದ್ರ ಇನ್ನೂ ಇರ್ತಾನೆ. ಅವನ ಪಕ್ಕಕ್ಕೆ ಬರೋ ಹಾಗೆ ಬಿಸಿಲಲ್ಲಿ ಒಂದು ತೆಂಗಿನಕಾಯಿ ಹಿಡಿದು ನೋಡು,” ಎಂದೆ.

೪. ಮರುದಿನ ಪ್ರಾರ್ಥನೆಗೆ ಮೊದಲೇ ಆಕೆ ಸುಲಿದ ಕಾಯಿ ಹಿಡಿದು ಓಡಿಬಂದಳು. ಪಡುವಣದಲ್ಲಿ ಅರ್ಧ ಚಂದ್ರ ಮಾಸಲಾಗಿ ಕಾಣುತ್ತಿದ್ದ. “ನಾನ್ ಹೇಳಿದ್ದು ತಪ್ಪು ಮಿಸ್. ಚಂದ್ರ ಅಲ್ಲವ್ನೆ, ಸೂರ್ಯ ಇಲ್ಲವ್ನೆ. ನಡುವೆ ಭೂಮಿ ಎಲ್ಲೈತೆ, ನೆಳ್ಳು ಬೀಳಾಕೆ?” ಎನ್ನುತ್ತಾ ಕಾಯಿಯನ್ನು ಎತ್ತಿ ಹಿಡಿದಳು. ಬಿಸಿಲು ಬಿದ್ದ ಕಡೆ ಬೆಳಕು, ಉಳಿದ ಕಡೆ ಕತ್ತಲು. ಪಕ್ಕದ ಚಂದ್ರನದೂ ಅದೇ ಆಕಾರ. ಇಷ್ಟು ವರ್ಷ ಅದೇ ಪಾಠ ಮಾಡಿದ ನನಗೂ ಮೈ ಜುಮ್ಮೆಂದಿತು.

ನಂತರ ತರಗತಿಯಲ್ಲಿ ಅದೇ ವಿಡಿಯೊ ಹಾಕಿದೆ. ಸುಶ್ಮಿತಾ ಅದನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಎಳೆದು, ಎಲ್ಲಿಂದ ಬೆಳಕು ಬರುತ್ತಿದೆಯೆಂದು ಉಳಿದವರಿಗೆ ತೋರಿಸಿದಳು. ಭೂಮಿ, ಚಂದ್ರ ಎರಡನ್ನೂ ದೂರದಿಂದ ನೋಡಿದರೆ ಹೇಗಿರುತ್ತದೆಂದು ತೆಂಗಿನಕಾಯಿ ತೋರಿಸಲಾರದು. ಅದಕ್ಕೆ ಬೋರ್ಡೇ ಬೇಕು. ಈ ಬಾರಿ ಮ್ಯೂಸಿಕ್ಕಿನ ಬಗ್ಗೆ ಯಾರೂ ಪ್ರಸ್ತಾಪಿಸಲಿಲ್ಲ.

೫. ಅಂದಿನಿಂದ ನಾನು ನಿಲ್ಲಿಸಿ, ಕೇಳಿ, ಮತ್ತೆ ಓಡಿಸುತ್ತಿದ್ದೇನೆ. ಬೋರ್ಡು ವಿಡಿಯೊ ಓಡಿದ ವೇಳೆಯನ್ನಷ್ಟೇ ಲೆಕ್ಕ ಹಿಡಿಯುವುದರಿಂದ ಬಳಕೆ ಕುಸಿದಿದೆ. ಪರಿಶೀಲನೆಗೆ ಬಂದ ತಮ್ಮ ಘಟಕದ ಶ್ರೀ ಅಶ್ವಥ್ ಅವರು ಹಿಂದಿನ ಬೆಂಚಿನಲ್ಲಿ ಪೂರ್ತಿ ಪಾಠ ಕೇಳಿ, ಹೊರಡುವಾಗ ಸಂಕೋಚದಿಂದ, “ನಂಗೆ ಅರ್ಥ ಆಯ್ತು ಮೇಡಂ, ಸಿಸ್ಟಂಗೆ ಅರ್ಥ ಆಗಲ್ಲ. ವಿಡಿಯೊ ನಿಂತಿದ್ರೆ ಟೀಚರ್ ಇಲ್ಲ ಅಂತ ತಗೊಳುತ್ತೆ. ಒಂದು ಅರ್ಜಿ ಕೊಡಿ,” ಎಂದರು. ಆದ್ದರಿಂದ ಈ ಅರ್ಜಿ.

೬. ದಸರಾ ರಜೆ ಮುಗಿದ ದಿನ ಹನುಮಮ್ಮನವರು ಮತ್ತೆ ಬಂದರು. ಕೂರಲು ಹೇಳಿದೆ. “ಮನೇಲಿ ಚಟ್ನಿಗೊಂದು ಕಾಯಿ ಉಳಿಸ್ತಿಲ್ಲ ಇವ್ಳು. ಬೀದಿ ಮಕ್ಳನ್ನೆಲ್ಲ ಗುಡ್ಡೆ ಹಾಕ್ಕೊಂಡು ಚಂದ್ರ ತೋರಿಸ್ತಾವ್ಳೆ,” ಎಂದರು. ಆಮೇಲೆ, “ನಂಗೂ ತೋರಿಸಿದ್ಲು. ಟಿ.ಸಿ. ಬ್ಯಾಡ ಬುಡಿ,” ಎಂದು ಎದ್ದು ಹೋದರು.

ಮೇಲಿನ ಕಾರಣಗಳಿಂದ, ವಿಡಿಯೊ ನಿಂತು ಮಕ್ಕಳು ಮಾತಾಡುವ ವೇಳೆಯನ್ನು ಪಾಠದ ವೇಳೆಯೆಂದು ಪರಿಗಣಿಸಿ, ಸದರಿ ಬೋರ್ಡನ್ನು ನಮ್ಮ ಶಾಲೆಯಲ್ಲಿಯೇ ಮುಂದುವರಿಸಬೇಕಾಗಿ ಕೋರುತ್ತೇನೆ.

ಉತ್ತರಕ್ಕಾಗಿ ಕಾಯುವುದು ರೂಢಿಯಾಗಿರುವ,
ತಮ್ಮ ವಿಶ್ವಾಸಿ,
ಉಮಾಮಹೇಶ್ವರಿ

ಲಗತ್ತುಗಳು:
ಅ) ಸುಶ್ಮಿತಾ ಬರೆದ ಚಂದ್ರನ ಚಿತ್ರ, ಮೊದಲು ತಪ್ಪಾಗಿ ಬರೆದದ್ದೂ ಸೇರಿದಂತೆ.
ಆ) ಪುಟ್ಟರಂಗಯ್ಯನವರ ಶಿಫಾರಸು (ಒಂದೇ ಸಾಲು, ಅವರು ಹೆಚ್ಚು ಬರೆಯುವವರಲ್ಲ).

ವಿ.ಸೂ.: ಮುಂದಿನ ಪಾಠ ಗ್ರಹಣ. ಕೊಠಡಿ ಕತ್ತಲಾಗಲು ಕಿಟಕಿಗೆ ದಪ್ಪನೆಯ ಪರದೆ ಬೇಕಾಗಿದ್ದು, ಮಂಜೂರು ಮಾಡಬೇಕಾಗಿ ವಿನಂತಿ. ಅಲ್ಲಿಯವರೆಗೆ ನಮ್ಮ ಶಾಲೆಯಲ್ಲಿ ಗ್ರಹಣವನ್ನು ಮುಂದೂಡಲಾಗಿದೆ.