ದೇವಿಂದ್ರನ ಕೂದಲು, ನನ್ನ ತಲೆ

ದೇವಿಂದ್ರನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ದಿನ ಅವನ ಮನೆಯಲ್ಲಿ ಧೈರ್ಯದಿಂದ ಇದ್ದವನು ನಾನೊಬ್ಬನೇ. ದೇವಿಂದ್ರ ಗೋಡೆ ನೋಡುತ್ತ ಕೂತಿದ್ದ. ಅವನ ಹೆಂಡತಿ ಸುಶೀಲಾ ವೈನಿ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಎದ್ದು ಗಂಟಲು ಸರಿಮಾಡಿಕೊಂಡು, "ಯಾರೂ ಚಿಂತಿ ಮಾಡಬ್ಯಾಡ್ರಿ. ಇನ್ನ ಮುಂದ ಎಲ್ಲಾ ನಾ ನೋಡ್ಕೋತೀನಿ" ಅಂದೆ.

ನನ್ನನ್ನು ಯಾರೂ ಕೇಳಿರಲಿಲ್ಲ.

ನಾವಿಬ್ಬರೂ ಸಗರದಲ್ಲಿ ಒಂದೇ ಓಣಿಯವರು. ಅವನು ಊರ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರ. ನಾನು ಶಹಾಪುರದ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಯಾವ ಊರಿನ ಹೊಲಕ್ಕೆ ಯಾವ ವಾರ ನೀರು ಎಂದು ಪ್ರಕಟಣೆ ಬರೆಯುವುದು ನನ್ನ ಕೆಲಸ. ನಾನು ಬರೆದರೆ ನೀರು ಬರುತ್ತದೆ ಎಂದು ನಾನು ತಿಳಿದಿದ್ದೆ. ನೀರು ಬಿಡುವವರು ಬೇರೆ ಇದ್ದರು, ಆ ಮಾತು ಬೇರೆ.

ಕಲಬುರಗಿಯಲ್ಲಿ ಆಪರೇಷನ್ ಆಯಿತು. ಇನ್ನು ಹದಿನೈದು ದಿನಕ್ಕೊಮ್ಮೆ ಕಿಮೋ, ಒಟ್ಟು ಹನ್ನೆರಡು ಸಲ ಎಂದರು. ಅದು ಶುರುವಾಗುವ ಮೊದಲು ದೇವಿಂದ್ರ ಮನೆಯಲ್ಲಿ ಮಲಗಿದ್ದಾಗ ಊರವರು ನೋಡಲು ಬರತೊಡಗಿದರು. ಅಲ್ಲಿಂದ ನನ್ನ ಸಿಟ್ಟು ಶುರುವಾಯಿತು.

ಬಂದವರು ಹೊರಸಿನ ತುದಿಯಲ್ಲಿ ಕೂತು, ಒಂದು ಉಸಿರು ಬಿಟ್ಟು, "ನಮ್ಮ ಮಾವಗೂ ಇದ ಆಗಿತ್ತು ಸರ. ಭಾಳ ಛಲೋ ಮನಷ್ಯಾ ಇದ್ದ" ಅನ್ನುತ್ತಿದ್ದರು. ಇನ್ನೊಬ್ಬರ ಅತ್ತೆ ಇದ್ದಳು. ಮತ್ತೊಬ್ಬರ ಕಾಕಾ ಇದ್ದ. ಒಂದೇ ಸಂಜೆಯಲ್ಲಿ ಅಷ್ಟೊಂದು ಜನ ‘ಇದ್ದರು’ ಎಂದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಚಹಾ ಕುಡಿದು ಎದ್ದುಹೋಗುವಾಗ ಒಬ್ಬ ಹಾಗಲಕಾಯಿ ರಸ ಕುಡಿಸಿರಿ ಎಂದ. ಇನ್ನೊಬ್ಬ, ಆಪರೇಷನ್ ಮಾಡಿಸಿದ್ದೇ ತಪ್ಪು, ಗಾಳಿ ತಾಗಿದರೆ ಅದು ಹಬ್ಬುತ್ತದೆ ಎಂದ. ಅವನ ಅಂಗಿಯ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಆದರೆ ನಾನು ಗುಮಾಸ್ತ. ನನ್ನ ಸಿಟ್ಟು ಇಳಿಯುವುದು ಕಾಗದದ ಮೇಲೆ.

ಮರುದಿನ ಬೆಳಿಗ್ಗೆ ದೇವಿಂದ್ರನ ಮನೆಯ ಬಾಗಿಲಿಗೆ ದೊಡ್ಡ ಅಕ್ಷರದ ಪ್ರಕಟಣೆ ಅಂಟಿಸಿದೆ. "ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಮನೆಯ ಶ್ರೀ ದೇವಿಂದ್ರಪ್ಪ ಇವರು ಕ್ಯಾನ್ಸರ್ ಪೀಡಿತರಾಗಿದ್ದು, ನೋಡಬಯಸುವವರು ಸಾಯಂಕಾಲ ಐದರಿಂದ ಐದೂವರೆಯವರೆಗೆ ಸರದಿ ಪ್ರಕಾರ ಬರತಕ್ಕದ್ದು. ಸತ್ತವರ ವಿಷಯ ಮಾತನಾಡುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ. ತಪ್ಪಿದಲ್ಲಿ ಮುಂದಿನ ಸರದಿ ರದ್ದುಪಡಿಸಲಾಗುವುದು."

ಇಷ್ಟು ಚೊಕ್ಕ ಪ್ರಕಟಣೆಯನ್ನು ನಾನು ಆಫೀಸಿನಲ್ಲೂ ಬರೆದಿರಲಿಲ್ಲ.

ಒಂದು ಸಂಗತಿ ನನಗೆ ಗೊತ್ತಿರಲಿಲ್ಲ. ಊರಿನ ದೊಡ್ಡವರಿಗೆಲ್ಲ ವಿಷಯ ತಿಳಿದಿದ್ದರೂ, ತನ್ನ ಶಾಲೆಯ ಮಕ್ಕಳಿಗೆ ದೇವಿಂದ್ರ "ಸಣ್ಣ ಹೊಟ್ಟಿ ಆಪರೇಷನ್" ಎಂದಷ್ಟೇ ಹೇಳಿಸಿದ್ದ. ಬೆಳಿಗ್ಗೆ ಶಾಲೆಗೆ ಹೊರಟ ನಾಲ್ಕನೇ ಕ್ಲಾಸಿನ ಹುಡುಗಿಯರು ಬಾಗಿಲ ಮುಂದೆ ನಿಂತು, ಮಾಸ್ತರು ಕಲಿಸಿದಂತೆಯೇ ಒತ್ತಕ್ಷರಕ್ಕೆ ಒತ್ತು ಕೊಟ್ಟು, ಗಟ್ಟಿಯಾಗಿ ಓದಿದರು. "ಕ್ಯಾ... ನ್ಸ... ರ್." ದೇವಿಂದ್ರ ಒಳಗೆ ಮಲಗಿ ಕೇಳಿಸಿಕೊಂಡ.

ನಾನು ಹೋದಾಗ ಕಾಗದ ಬಾಗಿಲಲ್ಲಿರಲಿಲ್ಲ. ದೇವಿಂದ್ರ ನನ್ನ ಕಡೆ ನೋಡಲಿಲ್ಲ. ವೈನಿ ಮಾತ್ರ, "ಹುಡುಗ್ಯಾರಿಗೆ ಓದಾಕ ಛಲೋ ಕಲಿಸ್ಯಾರ ಬಿಡ್ರಿ" ಎಂದು ಚಹಾದ ಕಪ್ಪನ್ನು ನನ್ನ ಮುಂದೆ ಕುಕ್ಕಿದರು.

ಆದ ತಪ್ಪನ್ನು ದೊಡ್ಡ ಕೆಲಸವೊಂದರಿಂದ ಸರಿಪಡಿಸಬೇಕೆಂದು ನಿಶ್ಚಯಿಸಿದೆ. ಕಿಮೋ ಅಂದರೆ ತಲೆಗೂದಲು ಹೋಗುತ್ತದೆ, ಇದು ಎಲ್ಲರಿಗೂ ಗೊತ್ತು. ಗೆಳೆಯನೊಬ್ಬನೇ ಬೋಳು ತಲೆಯಲ್ಲಿ ಓಡಾಡಬಾರದು. ಮೊದಲ ಕಿಮೋದ ಹಿಂದಿನ ದಿನ ಆಫೀಸು ಮುಗಿಸಿ ಶಹಾಪುರದ ಒಂದು ಕಟಿಂಗ್ ಅಂಗಡಿಯಲ್ಲಿ ಕೂತು, "ತಲಿ ಪೂರಾ ತೆಗಿ. ಮೀಸಿನೂ ಇಡಬ್ಯಾಡ" ಅಂದೆ.

ಕ್ಷೌರದವನ ಕೈ ನಿಂತಿತು. ಅವನು ಕಕ್ಕೇರಾದವನು, ನಮ್ಮ ಮನೆತನ ಬಲ್ಲವನು. ನನ್ನ ಅವ್ವ ಅಲ್ಲಿ ನನ್ನ ತಮ್ಮನ ಮನೆಯಲ್ಲಿರುವುದೂ ಅವನಿಗೆ ಗೊತ್ತು. ಮೆಲ್ಲಗೆ, "ಯಾವಾಗ ಆಯ್ತ್ರಿ?" ಎಂದು ಕೇಳಿದ.

ನಿರ್ಧಾರ ಯಾವಾಗ ಆಯಿತೆಂದು ಕೇಳುತ್ತಿದ್ದಾನೆ ಎಂದುಕೊಂಡು, "ನಿನ್ನಿ ಸಂಜಿಗೇ ಆಯ್ತಪ. ಮನಸು ಗಟ್ಟಿ ಮಾಡ್ಕೊಂಡು ಬಂದೀನಿ" ಅಂದೆ.

ಅವನು ಕಣ್ಣೊರೆಸಿಕೊಂಡು ಕ್ಷೌರ ಮಾಡಿದ. ರೊಕ್ಕ ಮುಟ್ಟಲಿಲ್ಲ. ಸಮಾಜದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಎಂದುಕೊಂಡು ಮನೆಗೆ ಬಂದೆ.

ನನ್ನ ಹೆಂಡತಿ ಮಲ್ಲಮ್ಮ ಬಾಗಿಲು ತೆರೆದು ಒಂದು ನಿಮಿಷ ನೋಡಿದಳು. "ಅವರಿಗೆ ಇನ್ನಾ ಕಿಮೋ ಶುರು ಆಗಿಲ್ಲ. ನಿಮಗ ಆಗ್ಲೇ ಮುಗೀತೇನು?" ಅಂದಳು.

ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನನ್ನನ್ನು ನೋಡಿದ ದೇವಿಂದ್ರ ಕಣ್ಣು ತುಂಬಿಕೊಂಡು ಕೈ ಹಿಡಿದ. "ಅವ್ವ ಹೋದಳೇನೋ? ನನಗ್ಯಾಕ ಹೇಳಲಿಲ್ಲ?" ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಇದು ನಿನಗಾಗಿ ಎಂದು ವಿವರಿಸಿದೆ. ಅವನು ನನ್ನ ಕೈ ಬಿಟ್ಟು ಬಸ್ಸು ಬರುವ ದಿಕ್ಕು ನೋಡತೊಡಗಿದ.

ಕಲಬುರಗಿಯ ಆಸ್ಪತ್ರೆಯಲ್ಲಿ ನರ್ಸಮ್ಮ ನೇರವಾಗಿ ನನ್ನ ಹತ್ತಿರ ಬಂದು, "ಬರ್ರಿ, ಅಂಗಿ ತೋಳು ಏರಿಸ್ರಿ" ಅಂದಳು. ನಾನಲ್ಲ, ಅವನು ಎಂದೆ. ದೇವಿಂದ್ರನ ದಟ್ಟ ಕರಿ ಕೂದಲು ನೋಡಿ, ಮತ್ತೆ ನನ್ನನ್ನು ನೋಡಿ, ಹೆಸರು ಎರಡು ಸಲ ಕೇಳಿದಳು. ಆಮೇಲೆ ಡಾಕ್ಟರು ಬಂದರು. ಈ ಔಷಧಕ್ಕೆ ಕೂದಲು ಸ್ವಲ್ಪ ತೆಳ್ಳಗಾಗಬಹುದು, ಪೂರಾ ಹೋಗುವುದಿಲ್ಲ ಎಂದರು. ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಈ ಸಲ ಅಳುವುದಕ್ಕಲ್ಲ.

ಡಾಕ್ಟರು ಇನ್ನೂ ಏನೋ ಹೇಳಬೇಕೆಂದು, ಜೊತೆಗಿರುವವರು ಯಾರು ಎಂದು ಕೇಳಿದರು. ವೈನಿ ಮುಂದೆ ಬಂದರು. ನಾನು, "ನೀವು ಕೂಡ್ರಿ ವೈನಿ, ಇದು ನಿಮಗ ತಿಳಿಯಂಗಿಲ್ಲ" ಎಂದು ಡಾಕ್ಟರ ರೂಮಿಗೆ ನಾನೊಬ್ಬನೇ ಹೋದೆ. ಡಾಕ್ಟರು ಮಾತು ಶುರು ಮಾಡಿದರು, ನನ್ನ ಮೊಬೈಲ್ ಬಡಿದುಕೊಂಡಿತು. ಅವ್ವ.

"ನಾ ಸತ್ತೀನಂತಲ್ಲೋ ಹಣಮಂತ" ಅಂದಳು. "ನನಗೂ ಒಂದು ಮಾತು ಹೇಳಬೇಕಿತ್ತು. ಇಲ್ಲಿ ಒಂದು ಟಂಟಂ ಗಾಡಿ ತುಂಬ ಮಂದಿ ಹೂವಿನ ಹಾರ ತಗೊಂಡು ಬಂದಾರ. ನಾ ತೊಗರಿ ಕೇರಾಕತ್ತೀನಿ. ಅವರಿಗೆ ಏನಂತ ಹೇಳ್ಲಿ?"

ಒಂದು ಕಿವಿಯಲ್ಲಿ ಅವ್ವ, ಒಂದು ಕಿವಿಯಲ್ಲಿ ಡಾಕ್ಟರು. ನಾನು ಇಬ್ಬರಿಗೂ ಹ್ಞೂಂ ಹ್ಞೂಂ ಅಂದೆ. ಡಾಕ್ಟರು ಕೊಟ್ಟ ಕಾಗದವನ್ನು ಮಡಚಿ ಫೈಲಿನಲ್ಲಿಟ್ಟೆ. ನಾನು ಫೈಲಿನಲ್ಲಿಟ್ಟ ಕಾಗದವನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ನಾನೂ ಸೇರಿ.

ಔಷಧ ಮುಗಿದು ಹೊರಗೆ ಬಂದಾಗ ಕಲಬುರಗಿಯ ಬಿಸಿಲು ಬೆಂಕಿಯಂತಿತ್ತು. ದೇವಿಂದ್ರ ಬಾಯಿ ಒಣಗಿದೆ ಎಂದ. ನಾನು ಓಡಿಹೋಗಿ ಕಬ್ಬಿನ ಹಾಲು ತಂದೆ. "ಬರ್ಫ್ ಜಾಸ್ತಿ ಹಾಕಪಾ, ಪೇಶಂಟ್‌ಗೆ" ಎಂದು ಹೇಳಿ ಐಸ್ ಹಾಕಿಸಿದ್ದೆ.

ಅವನು ಎರಡು ಗುಟುಕು ಕುಡಿದ. ಗ್ಲಾಸು ಕೈಯಿಂದ ಬಿತ್ತು. ಎರಡೂ ಕೈಯಿಂದ ಗಂಟಲು ಹಿಡಿದುಕೊಂಡ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿಲ್ಲವೇನೋ ಎಂಬಂತೆ ಕಣ್ಣುಗಳು ಅಗಲವಾಗಿದ್ದವು. ವೈನಿ ಕೂಗಿದರು. ನಾನು ಏನು ಮಾಡಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ನಿಂತಲ್ಲೇ ನಿಂತೆ. ವೈನಿಯೇ ಅವನನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಯ ಒಳಗೆ ನಡೆಸಿಕೊಂಡು ಹೋದರು.

ಬೆಚ್ಚಗಿನ ನೀರು ಕುಡಿಸಿ ಕೂರಿಸಿದ ಮೇಲೆ ನಿಧಾನಕ್ಕೆ ಸರಿಹೋಯಿತು. ಡಾಕ್ಟರ ಮುಖ ಕೆಂಪಗಿತ್ತು. "ಈ ಔಷಧ ಹೋದ ಮ್ಯಾಲೆ ಐದು ದಿನ ತಣ್ಣಂದು ಕುಡೀಬಾರ್ದು, ಮುಟ್ಟಬಾರ್ದು, ಗಂಟಲು ಹಿಡ್ಕೋತದ ಅಂತ ಬಿಡಿಸಿ ಹೇಳೀನಿ. ಯಾರಿಗೆ ಹೇಳಿದ್ದೆ?"

"ನನಗ್ರಿ" ಅಂದೆ.

ಡಾಕ್ಟರು ಹೋದ ಮೇಲೆ ದೇವಿಂದ್ರ ಬಾಯಿ ಬಿಟ್ಟ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವನು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

"ಬ್ಯಾನಿ ನಂದು. ಹೊಟ್ಟಿ ಕೊಯ್ದಿದ್ದು ನಂದು. ಊರ ಮಂದಿ ಮಾತಾಡೂದು ಮಾತ್ರ ನಿನ್ನ ಬಗ್ಗೆ. ನೀ ಬಾಗಲಕ್ಕ ಕಾಗದ ಹಚ್ಚಿದಿ, ಸುಮ್ಮನಿದ್ದೆ. ತಲಿ ಬೋಳಿಸ್ಕೊಂಡು ಬಂದಿ, ಸುಮ್ಮನಿದ್ದೆ."

"ನಿನಗಂತನ ಬೋಳಿಸ್ಕೊಂಡೀನಿ" ಎಂದೆ. ನನಗೂ ಸಿಟ್ಟು ಬಂದಿತ್ತು.

"ನಾ ಕೇಳಿದ್ನೇನು? ನನಗ ಅಂಜಿಕಿ ಆಗ್ಯಾದೇನು ಅಂತ ಒಂದು ದಿನಾನರ ಕೇಳೀಯೇನು ನೀ? ನೀ ಧೈರ್ಯ ಹೇಳೂದು ಮುಗುದ್ರ ನಾ ಅಂಜಾಕ ಶುರು ಮಾಡ್ತೀನಿ. ಮುಗಿಯಂಗೇ ಇಲ್ಲಲ್ಲ ನಿಂದು."

ನಾನು ಫೈಲನ್ನು ಮಂಚದ ಮೇಲೆ ಒಗೆದು ಹೊರಟುಬಿಟ್ಟೆ. ಒಬ್ಬನೇ ಬಸ್ಸು ಹತ್ತಿ ಊರಿಗೆ ಬಂದೆ. ನಾಲ್ಕು ದಿನ ಅವನ ಮನೆ ಕಡೆ ಹೋಗಲಿಲ್ಲ. ಮಲ್ಲಮ್ಮನ ಮುಂದೆ ನನ್ನ ತ್ಯಾಗಗಳನ್ನು ಒಂದೊಂದಾಗಿ ಎತ್ತಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಸಿಟ್ಟಾಗೀರಿ ಅಂತ ಅವರಿಗೆ ಗೊತ್ತೇನು?" ಎಂದು ಕೇಳಿದಳು.

"ಗೊತ್ತಿರಬೇಕು. ನಾಲ್ಕು ದಿನ ಆಯ್ತು."

"ಗೊತ್ತಿಲ್ಲ. ಅವರು ವಾಂತಿ ಮಾಡ್ಕೋತ ಮಲಗ್ಯಾರ. ವೈನಿ ಒಬ್ಬಾಕೀನ ಒದ್ದಾಡಾಕತ್ತಾಳ."

ಮರುದಿನ ಆಫೀಸಿನಲ್ಲಿ ಕಾಲುವೆಯ ಪ್ರಕಟಣೆ ಬರೆಯಲು ಕೂತವನಿಗೆ ಪೆನ್ನು ಓಡಲಿಲ್ಲ. ನೀರು ಕದ್ದವನ ಮೇಲೆ ಸಿಟ್ಟು ಬಂದರೆ ನೋಟಿಸು ಕೊಡಬಹುದು. ಈ ರೋಗ ನನ್ನ ಗೆಳೆಯನನ್ನು ಕದಿಯಲು ಬಂದಿತ್ತು, ಅದಕ್ಕೆ ಯಾವ ವಿಳಾಸಕ್ಕೆ ನೋಟಿಸು ಕೊಡುವುದು? ಅಷ್ಟು ದಿನ ಊರವರ ಮೇಲೆ, ಕೊನೆಗೆ ಅವನ ಮೇಲೇ ಸಿಟ್ಟು ಮಾಡಿಕೊಂಡಿದ್ದೆ. ಅರ್ಧ ದಿನದ ರಜೆ ಬರೆದಿಟ್ಟು ಅವನ ಮನೆಗೆ ಹೋದೆ.

ದೇವಿಂದ್ರ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನು ನೆಲದ ಮೇಲೆ ಕೂತೆ. "ಅಂಜಿಕಿ ಬರ್ತದೇನು?" ಎಂದು ಕೇಳಿದೆ.

"ಹೂಂ."

"ನನಗೂ" ಅಂದೆ.

ಅವನು ಈ ಕಡೆ ಹೊರಳಿ ನನ್ನ ತಲೆ ನೋಡಿದ. ಅಲ್ಲಿ ಮುಳ್ಳಿನಂತೆ ಕೂದಲು ಚಿಗುರಿತ್ತು. "ಥೂ, ಭಾಳ ಕೆಟ್ಟ ಕಾಣ್ತೀಯೋ" ಅಂದ. ಆಮೇಲೆ ಬಕೆಟ್ ಕೊಡು ಎಂದ. ಕೊಟ್ಟೆ.

ಮುಂದಿನ ಹನ್ನೊಂದು ಸಲವೂ ನಾನು ಜೊತೆಗೆ ಹೋದೆ. ಡಾಕ್ಟರ ಮಾತು ಕೇಳುವುದು ವೈನಿಯ ಕೆಲಸವಾಯಿತು. ಅವರು ಒಂದು ವಹಿಯಲ್ಲಿ ಎಲ್ಲ ಬರೆದುಕೊಂಡರು, ನನಗಿಂತ ಚೊಕ್ಕ ಅಕ್ಷರದಲ್ಲಿ. ನನ್ನ ಪಾಲಿಗೆ ಬ್ಯಾಗು ಮತ್ತು ಬಿಸಿನೀರಿನ ಥರ್ಮಾಸು.

ಕೊನೆಯ ಕಿಮೋ ಆಗಿ, ಸ್ಕ್ಯಾನ್ ನೋಡಿ, ಸದ್ಯಕ್ಕೆ ಏನೂ ಇಲ್ಲ ಎಂದ ದಿನ ಅಲ್ಲಿ ಹೊಸ ಡಾಕ್ಟರಮ್ಮ ಇದ್ದರು. ಮುಂದಿನ ತಿಂಗಳಿನಿಂದ ಶಾಲೆಗೆ ಹೋಗಬಹುದು ಎಂದು ದೇವಿಂದ್ರನಿಗೆ ಹೇಳಿ, ನನ್ನ ಕಡೆ ತಿರುಗಿ, "ಇವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು. ನಾನು ಸೆಟೆದು ಕೂತೆ.

ದೇವಿಂದ್ರ ಸ್ವಲ್ಪ ಯೋಚಿಸಿದ.

"ಏನೂ ಆಗಬೇಕಿಲ್ರಿ" ಅಂದ. "ಏನೂ ಉಪಯೋಗನೂ ಇಲ್ಲ. ಕರೀದಿದ್ರೂ ಬರ್ತಾನ."

ನಾನು ಏನೋ ಹೇಳಲು ಬಾಯಿ ತೆರೆದೆ. ವೈನಿ ನನ್ನ ಕಡೆ ನೋಡಿದರು. ನಾನು ಬ್ಯಾಗು ಎತ್ತಿಕೊಂಡೆ.