ನಾದಿನಿಯ ಚುಕ್ಕಿ, ಮಾವನ ರೊಟ್ಟಿ

ಅದಕ್ಕೇನೋ ಅಂತಾರೆ ಪುಟ್ಟೀ... ಸಹವಾಸ ಅಲ್ಲ, ಹಾಂ, ಸಹಸಂಬಂಧ! ಎರಡು ಸಂಗತಿಗಳು ಜೊತೆಜೊತೆಗೆ ಸಾಗುತ್ತವೋ ಇಲ್ಲವೋ ನೋಡುವ ಲೆಕ್ಕ. ಎಪ್ಪತ್ತರ ದಶಕದ ಕೊನೆಗೆ ನನ್ನ ನಾದಿನಿ ರಾಯಚೂರಿನ ಕಾಲೇಜಿನಲ್ಲಿ ಅದನ್ನು ಕಲಿಸುತ್ತಿದ್ದಳು. ಅಂಥವಳು ಮನೆಯಲ್ಲಿದ್ದರೆ ನಗುವಿಗೆ ಬರವಿಲ್ಲ.

ದೇವದುರ್ಗದಲ್ಲಿ ನಮ್ಮ ಅತ್ತೆ ಸೌದೆ ಒಲೆಯ ಹೊಗೆಗೆ ಕೆಮ್ಮಿ ಕೆಮ್ಮಿ ಸೊರಗಿದ್ದರು. ಸ್ಟೋವ್ ತರೋಣವೆಂದರೆ ಮಾವ, "ಸ್ಟೋವಿನ ರೊಟ್ಟಿಗೆ ರುಚಿ ಎಲ್ಲದ?" ಎನ್ನುತ್ತಿದ್ದರು.

"ಲೆಕ್ಕ ಹಾಕಿ ತೋರಸ್ತೀನಿ ತಡಿ ವೈನಿ," ಎಂದು ನಾದಿನಿ ಹಟ ಹಿಡಿದಳು.

೧. ರಂಗೋಲಿ

ಮೊದಲು ಯಾವ ಸ್ಟೋವ್ ಒಳ್ಳೆಯದೆಂದು ನೋಡಲು ರಾಯಚೂರಿನ ಮನೆಯಂಗಳದಲ್ಲಿ ಓಣಿಯವರ ಬತ್ತಿ ಸ್ಟೋವ್, ಪಂಪ್ ಸ್ಟೋವ್ ಎಲ್ಲ ತಂದು ಹಚ್ಚಿದಳು. ಎಷ್ಟು ಸೀಮೆಎಣ್ಣೆಗೆ ಎಷ್ಟು ನೀರು ಕುದಿಯಿತೆಂದು ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು, ನಡುವೆ ಒಂದು ನೇರ ಗೆರೆ ಎಳೆದಳು.

ಪಕ್ಕದ ಮನೆಯಾಕೆ ಇಣುಕಿದಳು. "ಇಷ್ಟ್ ಓದೀರಿ, ಒಂದು ರಂಗೋಲಿ ಬರಂಗಿಲ್ಲೇನ್ರೀ? ಗೆರಿ ಒಂದು ಚುಕ್ಕಿನೂ ಮುಟ್ಟಿಲ್ಲ!"

"ಎಲ್ಲಾ ಚುಕ್ಕಿಗೂ ಹತ್ರ ಇರೋದೇ ಅದರ ಕೆಲಸ, ಅಕ್ಕಾ."

"ನಮ್ಮ ಮನಿಯವರ ಹಂಗ ಅನ್ರಿ. ಎಲ್ಲಾರಿಗೂ ಹತ್ರ, ಯಾರ ಕೈಗೂ ಸಿಗಂಗಿಲ್ಲ!"

೨. ಅಳಿಯ

ಮಾನ್ವಿಯ ನಮ್ಮಕ್ಕನ ಮನೆಗೆ ಹೊಸ ಮಿಕ್ಸಿ ಬಂದಿತ್ತು. "ಅಳಿಯ ಬಂದಾಗೆಲ್ಲಾ ಅದು ಮೆಲ್ಲಗ ತಿರಗತದ," ಎಂದಳು ಅಕ್ಕ. ನಾವು ನಕ್ಕೆವು. ನಾದಿನಿ ನಗಲಿಲ್ಲ. ಶೇಂಗಾ ಪುಡಿಯಾಗುವ ಹೊತ್ತನ್ನು ದಿನವೂ ಗುರುತು ಹಾಕಿಸಿದಳು. ನೋಡಿದರೆ ಮಾತು ನಿಜ! ಅಲ್ಲಿಗೇ ಬಿಡದೆ ಹುಡುಕಿದಳು: ಅಳಿಯ ಬಂದಾಗ ಮಾತ್ರ ಸ್ನಾನದ ನೀರಿಗೆ ಹೀಟರ್ ಹಾಕುತ್ತಿದ್ದರು, ಮಿಕ್ಸಿಗೆ ಕರೆಂಟು ಸಾಲುತ್ತಿರಲಿಲ್ಲ.

ಅಳಿಯ ಕೈಮುಗಿದ. "ತಣ್ಣೀರೇ ಹೊಯ್ಕೋತೀನ್ರೀ, ನನ್ನ ಕಾಲ್ಗುಣಕ್ಕ ಗ್ರಾಫ್ ಹಾಕಬ್ಯಾಡ್ರಿ!"

೩. ರೊಟ್ಟಿ

ಕೊನೆಗೆ ದೇವದುರ್ಗ. ಒಂದು ದಿನ ಒಲೆಯ ರೊಟ್ಟಿ, ಒಂದು ದಿನ ಸ್ಟೋವಿನದು. ಯಾವುದೆಂದು ಹೇಳದೆ ಬಡಿಸುವುದು, ರುಚಿಗೆ ಮಾವ ಅಂಕ ಕೊಡುವುದು. ಒಲೆಗೂ ಅಂಕಕ್ಕೂ ಸಂಬಂಧವೇ ಕಾಣಲಿಲ್ಲ. ಆದರೆ ತಟ್ಟೆಗೆ ಬಿದ್ದ ಎಣ್ಣೆಗಾಯಿ ಹೆಚ್ಚಿದಂತೆ ಅಂಕ ನೆಟ್ಟಗೆ ಮೇಲೇರಿತ್ತು! ಕೊನೆಯ ದಿನ ಗೆರೆ ನೋಡಿ ಮಾವ ಕೊಡುವ ಅಂಕವನ್ನು ನಾದಿನಿ ಮೊದಲೇ ನನ್ನ ಕಿವಿಯಲ್ಲಿ ಹೇಳಿದಳು. ಮಾವ ಅಷ್ಟೇ ಕೊಟ್ಟರು.

ಹಾಳೆ ಮುಂದಿಟ್ಟಾಗ ಅತ್ತೆ ಬಾಗಿಲಲ್ಲಿ ಕೆಮ್ಮು ನುಂಗಿ ನಿಂತಿದ್ದರು.

"ಸೋತೆ ಯವ್ವಾ. ನಾಳೆ ಸ್ಟೋವ್ ತರ್ತೀನಿ," ಎಂದರು ಮಾವ ಮಗಳಿಗೆ. ಆಮೇಲೆ ಗೆರೆಯ ಮೇಲ್ತುದಿಗೆ ಬೆರಳಿಟ್ಟು ಅತ್ತೆಯತ್ತ ತಿರುಗಿದರು: "ಆದ್ರ ಎಣ್ಣಿಗಾಯಿ ದಿನಾ ಇಲ್ಲೀ ತನಕ ಬರಬೇಕು ನೋಡು!"

ಅತ್ತೆಯ ಕೆಮ್ಮು ಇಳಿಯಿತು, ಮಾವನ ಹೊಟ್ಟೆ ಏರಿತು. ಪುಟ್ಟೀ, ನಗೋದು ಸಾಕು, ಇದನ್ನ ಬರಕೋ.